ಹಿಮ ಕಾಪಿಟ್ಟ ಕೊತ್ತಂಬರಿ

1993ರ ಬೇಸಿಗೆ. ರಷ್ಯದ ದಕ್ಷಿಣದ ಅಂಚಿನಲ್ಲಿ, ಕಜಾಕ್‌ಸ್ತಾನ, ಚೀನಾ, ಮಂಗೋಲಿಯಗಳ ಗಡಿಗಳು ಒಂದಕ್ಕೊಂದು ಹತ್ತಿರ ಬರುವ ಕಡೆ, ಉಕೋಕ್ ಎಂಬ ಪ್ರಸ್ಥಭೂಮಿಯಿದೆ. ಸಮುದ್ರಮಟ್ಟದಿಂದ ಸುಮಾರು 2,500 ಮೀಟರ್ ಎತ್ತರ. ಮರವಿಲ್ಲ, ಊರಿಲ್ಲ, ಹುಲ್ಲು, ಕಲ್ಲು, ಬಿಡುವಿಲ್ಲದ ಗಾಳಿ, ಸುತ್ತಲೂ ಅಲ್ತಾಯ್ ಪರ್ವತಗಳ ಬಿಳಿ ನೆತ್ತಿ. ಅಲ್ಲಿ ಒಂದು ಆಳದ ಗುಂಡಿಯೊಳಗೆ ನತಾಲ್ಯಾ ಪೊಲೊಸ್ಮಾಕ್ ಎಂಬ ಪುರಾತತ್ತ್ವಜ್ಞೆ ಮತ್ತು ಅವರ ಸಂಗಡಿಗರು ಬಿಸಿನೀರು ಹೊಯ್ಯುತ್ತಿದ್ದರು. ದಿಮ್ಮಿಗಳಿಂದ ಕಟ್ಟಿದ ನೆಲದಡಿಯ ಕೋಣೆಯೊಂದು ಮಂಜುಗಡ್ಡೆಯಿಂದ ತುಂಬಿಹೋಗಿತ್ತು. ಗುದ್ದಲಿ ಹಾಕಿದರೆ ಒಳಗಿರುವುದು ಒಡೆಯುತ್ತದೆ. ಹಾಗಾಗಿ ಕಾಯಿಸಿದ ನೀರನ್ನು ಚೊಂಬು ಚೊಂಬಾಗಿ ಹೊಯ್ಯುವುದು, ಕರಗಿದ್ದನ್ನು ಮೊಗೆದು ಚೆಲ್ಲುವುದು, ಮತ್ತೆ ಹೊಯ್ಯುವುದು. ದಿನಗಟ್ಟಲೆ ಇದೇ ಕೆಲಸ.

ಮೊದಲು ಹೊರಬಂದದ್ದು ವಾಸನೆ. ಪುಟ್ಟ ಮರದ ಮಣೆಗಳ ಮೇಲೆ ಕುರಿ ಮತ್ತು ಕುದುರೆ ಮಾಂಸ ಬಡಿಸಿಟ್ಟಿದ್ದರು. ಹಿಮ ಬಿಡುತ್ತಿದ್ದಂತೆ, ಸುಮಾರು 2,400 ವರ್ಷಗಳ ಹಿಂದೆ ನಿಂತುಹೋಗಿದ್ದ ಕೊಳೆಯುವಿಕೆ ಆವತ್ತು ಮುಂದುವರಿಯಿತು. ಆಮೇಲೆ ಇಡೀ ಲಾರ್ಚ್ ಮರವೊಂದನ್ನು ತೋಡಿ ಮಾಡಿದ ಶವಪೆಟ್ಟಿಗೆ ಕಂಡಿತು. ಮುಚ್ಚಳಕ್ಕೆ ಲೋಹದ ಉದ್ದನೆಯ ಮೊಳೆಗಳು, ಪಕ್ಕಗಳಿಗೆ ಚರ್ಮದಲ್ಲಿ ಕತ್ತರಿಸಿ ಅಂಟಿಸಿದ ಪ್ರಾಣಿಚಿತ್ರಗಳು. ಮುಚ್ಚಳ ಎತ್ತಿದರೆ ಒಳಗೆ ಮತ್ತೆ ಮಂಜುಗಡ್ಡೆ. ಅದೂ ಕರಗಿದಾಗ ತುಪ್ಪಳದ ಹೊದಿಕೆಯೊಂದು ಕೈಗೆ ಸಿಕ್ಕಿತು. ಪೊಲೊಸ್ಮಾಕ್ ಅದನ್ನು ಸರಿಸಿ ನೋಡಿದರು. ಎಲುಬು ಇರಬೇಕಾದ ಕಡೆ ಚರ್ಮವಿತ್ತು. ಎಡ ಭುಜದ ಚರ್ಮದ ಮೇಲೆ ನೀಲಿ ಹಚ್ಚೆ: ಹದ್ದಿನ ಕೊಕ್ಕಿನ ಜಿಂಕೆಯೊಂದು ಸೊಂಟ ತಿರುಚಿ ನೆಗೆಯುತ್ತಿದೆ, ಅದರ ಕೊಂಬಿನ ಒಂದೊಂದು ಕವಲೂ ಒಂದೊಂದು ಪಕ್ಷಿಯ ತಲೆಯಾಗಿ ಮುಗಿಯುತ್ತದೆ.

ಪೆಟ್ಟಿಗೆಯಲ್ಲಿ ಆ ಹೆಣ್ಣುಮಗಳ ಜೊತೆ ಒಂದು ಚಿಕ್ಕ ಕಲ್ಲಿನ ತಟ್ಟೆ ಇತ್ತು. ಅದರಲ್ಲಿ ಕೊತ್ತಂಬರಿ ಕಾಳು.

ಈ ಅಧ್ಯಾಯವನ್ನು ಬರೆಯಲು ಕೂತಾಗಲೆಲ್ಲ ನನ್ನ ಮನಸ್ಸು ಆ ತಟ್ಟೆಗೇ ಹೋಗುತ್ತದೆ. ಕೊತ್ತಂಬರಿ ಸೈಬೀರಿಯದ ಬೆಳೆಯಲ್ಲ. ಮೆಡಿಟರೇನಿಯನ್ ಕರಾವಳಿ, ಪಶ್ಚಿಮ ಏಷ್ಯದ ಕಡೆಯ ಗಿಡ. ಆ ಕಾಳು ಎಷ್ಟೋ ಕೈ ದಾಟಿ, ಎಷ್ಟೋ ಕಣಿವೆ ಹತ್ತಿಳಿದು ಅಲ್ಲಿಗೆ ಬಂದಿರಬೇಕು. ಅಡುಗೆಮನೆಯ ಡಬ್ಬಿಯಿಂದ ನಾಲ್ಕು ಕಾಳು ತೆಗೆದು ಬೆರಳಿನಲ್ಲಿ ಹಿಸುಕಿ ಮೂಸಿ ನೋಡಿ. ಅಷ್ಟು ದೂರದಿಂದ ಬಂದ ಅಪರೂಪದ ಘಮವನ್ನು, ಇನ್ನು ಉಸಿರಾಡದ ಒಬ್ಬಳ ತಲೆಯ ಬಳಿ ಯಾರೋ ಇಟ್ಟರು. ಕೆಡುವ ಹೆಣದ ವಾಸನೆಗೆ ಇಟ್ಟದ್ದೇ, ದಾರಿಯ ಬುತ್ತಿಗೆ ಇಟ್ಟದ್ದೇ, ಕಾಳು ಹೇಳುವುದಿಲ್ಲ. ಆದರೆ ಕಾಳು ಉಳಿದಿದೆ. ಪುರಾತತ್ತ್ವ ವಿಜ್ಞಾನದಲ್ಲಿ ಅದಕ್ಕಿಂತ ದೊಡ್ಡ ಭಾಗ್ಯ ಕಡಿಮೆ.

ಯಾಕೆಂದರೆ ನೆಲ ಎಲ್ಲವನ್ನೂ ಉಳಿಸಿಕೊಡುವುದಿಲ್ಲ. ಅದಕ್ಕೆ ಗಟ್ಟಿ ವಸ್ತುಗಳ ಮೇಲೆ ಮಾತ್ರ ಕರುಣೆ. ಕಲ್ಲು, ಸುಟ್ಟ ಮಣ್ಣು, ಚಿನ್ನ, ಕಂಚು, ಅಷ್ಟಿಷ್ಟು ಎಲುಬು. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ 1947ರಲ್ಲಿ ಬೃಹತ್ ಶಿಲಾಯುಗದ ಕಲ್ಲುವೃತ್ತಗಳನ್ನು ಅಗೆಸಿದಾಗ ಸಿಕ್ಕಿದ್ದೂ ಇಂಥವೇ: ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಹತಾರಗಳು, ಮೂಳೆಯ ಚೂರುಗಳು. ಆ ಜನ ಉಟ್ಟ ಬಟ್ಟೆ, ಹಾಸಿದ ಚಾಪೆ, ಮುಡಿದ ಹೂವು, ಮೈಮೇಲಿನ ಹಚ್ಚೆ ಎಲ್ಲವನ್ನೂ ನಮ್ಮ ಮಳೆ, ಗೆದ್ದಲು, ಬಿಸಿಲು ಯಾವತ್ತೋ ತಿಂದು ತೀರಿಸಿದವು. ಮಡಕೆ ಮಾಡಿ ಊರು ಕಟ್ಟಿದವರ ಪಾಡೇ ಇದಾದರೆ, ಮನೆಯನ್ನೇ ಕುದುರೆಯ ಮೇಲೆ ಹೇರಿಕೊಂಡು ಋತುವಿನಿಂದ ಋತುವಿಗೆ ಸಾಗುತ್ತಿದ್ದ ಹುಲ್ಲುಗಾವಲಿನ ಜನರದು ಏನಾಗಬೇಕು? ಅವರ ಬದುಕೆಲ್ಲ ಉಣ್ಣೆ, ಚರ್ಮ, ಮರ, ತುಪ್ಪಳ, ಹಾಲು. ಕೊಳೆಯದ ಒಂದು ವಸ್ತುವೂ ಅದರಲ್ಲಿಲ್ಲ, ಆಯುಧ ಆಭರಣಗಳನ್ನು ಬಿಟ್ಟರೆ.

ಹಾಗಾಗಿಯೇ ಕಪ್ಪುಸಮುದ್ರದ ದಡದಿಂದ ಮಂಗೋಲಿಯದವರೆಗೆ ಹಬ್ಬಿದ್ದ ಈ ಜನರನ್ನು ಜಗತ್ತು ಬಹಳ ಕಾಲ ಎರಡೇ ಸಾಕ್ಷಿಗಳಿಂದ ಅಳೆಯಿತು. ಒಂದು, ಅವರಿಂದ ಪೆಟ್ಟು ತಿಂದ ನೆರೆಯವರ ಬರಹ. ಇನ್ನೊಂದು, ಗೋರಿಗಳಿಂದ ಕದ್ದ ಚಿನ್ನ. ರಷ್ಯದ ದೊರೆ ಮಹಾ ಪೀಟರ್ 18ನೆಯ ಶತಮಾನದ ಆರಂಭದಲ್ಲಿ ಸೈಬೀರಿಯದ ಗೋರಿಗಳಿಂದ ಬಂದ ಚಿನ್ನವನ್ನು ಕರಗಿಸದೆ ತನಗೆ ಒಪ್ಪಿಸಬೇಕೆಂದು ಆಜ್ಞೆ ಮಾಡಿದ್ದರಿಂದ ಅಷ್ಟಾದರೂ ಉಳಿಯಿತು. ಬರಹಕ್ಕೆ ಅವರು ಕ್ರೂರಿಗಳು, ಚಿನ್ನಕ್ಕೆ ಅವರು ಶ್ರೀಮಂತರು. ಮನುಷ್ಯರಾಗಿ ಕಾಣಲು ಮೂರನೆಯ ಸಾಕ್ಷಿ ಬೇಕಿತ್ತು. ಅದು ಹಿಮವಾಯಿತು.

ಉಕೋಕ್‌ಗಿಂತ ಮೊದಲೇ ಹಿಮ ಬಾಯಿಬಿಟ್ಟ ಜಾಗ ಪಜಿರಿಕ್. ಅದೂ ಅಲ್ತಾಯ್‌ನದೇ ಒಂದು ಎತ್ತರದ ಕಣಿವೆ. ಆ ಇಡೀ ಸಂಸ್ಕೃತಿಗೆ ಈಗ ಅದರದ್ದೇ ಹೆಸರು. 1924ರಲ್ಲಿ ಅಲ್ಲಿನ ಐದು ದೊಡ್ಡ ಕಲ್ಲುಗುಪ್ಪೆಗಳನ್ನು ಸೆರ್ಗೈ ರುಡೆಂಕೊ ಗುರುತಿಸಿದರು. ಇಂಥ ಗೋರಿದಿಬ್ಬಕ್ಕೆ ಆ ಕಡೆಯವರು ಕುರ್ಗಾನ್ ಎನ್ನುತ್ತಾರೆ. 1929ರಲ್ಲಿ ಮಿಖಾಯಿಲ್ ಗ್ರ್ಯಾಜ್ನೊವ್ ಮೊದಲನೆಯದನ್ನು ಅಗೆದರು. ಹತ್ತು ಕುದುರೆಗಳು ಜೀನು ಲಗಾಮುಗಳ ಸಮೇತ, ಕೂದಲು ಚರ್ಮಗಳ ಸಮೇತ ಸಿಕ್ಕವು. ಒಂದಕ್ಕೆ ತೊಗಲು ಮತ್ತು ಉಣ್ಣೆಹಾಸಿನಿಂದ ಮಾಡಿದ ಮುಖವಾಡವಿತ್ತು, ಅದರ ಮೇಲೆ ಜಿಂಕೆಯ ಕೊಂಬು. ಕುದುರೆಯನ್ನು ಜಿಂಕೆಯಾಗಿಸಿ ಪರಲೋಕಕ್ಕೆ ಕಳಿಸಿದ್ದರು. ಕುದುರೆಗಳ ಕಿವಿಗಳಲ್ಲಿ ಒಂದೊಂದಕ್ಕೆ ಒಂದೊಂದು ಬಗೆಯ ಕತ್ತರಿ ಗುರುತು. ಇವು ಒಬ್ಬನ ಲಾಯದವಲ್ಲ, ಸತ್ತವನಿಗೆ ಬೇರೆ ಬೇರೆ ಮನೆತನದವರು ತಂದುಕೊಟ್ಟ ಕಾಣಿಕೆಗಳಿರಬೇಕು ಎಂದು ರುಡೆಂಕೊ ಊಹಿಸಿದರು. ನನಗೆ ಇದು ಒಪ್ಪುವ ಮಾತು. ಸಾವಿನ ಮನೆಗೆ ಬರಿಗೈಯಲ್ಲಿ ಹೋಗಬಾರದು ಎಂಬುದು ಎಲ್ಲ ಕಡೆಯ ರೂಢಿ.

ಮುಂದಿನ ಗೋರಿಗಳಿಗೆ ಹದಿನೆಂಟು ವರ್ಷ ಕಾಯಬೇಕಾಯಿತು. ಕಾರಣ ಹಿಮವಲ್ಲ. 1930ರಲ್ಲಿ ರುಡೆಂಕೊ ಅವರನ್ನು ಸ್ಟಾಲಿನ್ ಸರ್ಕಾರ ಬಂಧಿಸಿ, ಕೈದಿಗಳಿಂದ ತೋಡಿಸುತ್ತಿದ್ದ ಶ್ವೇತಸಮುದ್ರ-ಬಾಲ್ಟಿಕ್ ಕಾಲುವೆಯ ಕೆಲಸಕ್ಕೆ ಕಳಿಸಿತು. ಅಲ್ಲಿ ಅವರು ಜಲವಿಜ್ಞಾನ ಕಲಿತು ಅದರಲ್ಲೇ ದುಡಿದರು. 1933ರಲ್ಲಿ ಗ್ರ್ಯಾಜ್ನೊವ್ ಅವರಿಗೂ ಬಂಧನ, ಗಡೀಪಾರು. ನಂತರ ಮಹಾಯುದ್ಧ. ರುಡೆಂಕೊ ಪಜಿರಿಕ್‌ಗೆ ವಾಪಸಾದದ್ದು 1947ರಲ್ಲಿ, ಅರವತ್ತು ದಾಟಿದ ಮೇಲೆ. 1949ರ ಹೊತ್ತಿಗೆ ಉಳಿದ ನಾಲ್ಕೂ ದೊಡ್ಡ ಗೋರಿಗಳನ್ನು ಬಿಡಿಸಿದ್ದರು. ಅಲ್ಲೂ ಬಿಸಿನೀರೇ ಹತಾರ.

ಆ ಹಿಮ ಅಲ್ಲಿ ಹೇಗೆ ಬಂತು ಎಂಬುದು ಒಂದು ಚೆಂದದ ಭೌತವಿಜ್ಞಾನ. ಪಜಿರಿಕ್ ಕಣಿವೆಯ ನೆಲವೆಲ್ಲ ಸದಾ ಹೆಪ್ಪುಗಟ್ಟಿ ಇರುವಂಥದ್ದಲ್ಲ. ಗೋರಿಯ ಅಡಿಯಲ್ಲಿ ಮಾತ್ರ ಮಸೂರದ ಆಕಾರದಲ್ಲಿ ಹೆಪ್ಪುಗಟ್ಟಿದ ಮಣ್ಣಿತ್ತು. ಅದನ್ನು ಮಾಡಿದ್ದು ಮೇಲೆ ಪೇರಿಸಿದ ಬಂಡೆಗಳು. ಚಳಿಗಾಲದ ಗಾಳಿ ತಣ್ಣಗೆ, ಭಾರ. ಅದು ಕಲ್ಲುಸಂದಿಗಳಲ್ಲಿ ಕೆಳಗಿಳಿದು ಕೂರುತ್ತದೆ, ಬೆಚ್ಚಗಿನ ಗಾಳಿಯನ್ನು ಮೇಲಕ್ಕೆ ದಬ್ಬುತ್ತದೆ. ಬೇಸಿಗೆಯ ಗಾಳಿ ಹಗುರ, ಅದು ಕೆಳಗೆ ಇಳಿಯಲಾರದು. ಬಿಸಿಲು ಕಲ್ಲಿನ ಮೇಲ್ಮೈಯನ್ನಷ್ಟೇ ಕಾಯಿಸುತ್ತದೆ. ಚಳಿ ಒಳಗೆ ಬರಬಹುದು, ಸೆಕೆ ಬರಲಾಗದು ಎಂಬ ಒಂಟಿ ಬಾಗಿಲಿನ ಏರ್ಪಾಡು. ವರ್ಷದಿಂದ ವರ್ಷಕ್ಕೆ ಕೆಳಗಿನ ನೆಲ ತಣಿಯುತ್ತಾ ಹೋಯಿತು.

ಇನ್ನು ನೀರು. ಅದಕ್ಕೆ ದಾರಿ ಮಾಡಿಕೊಟ್ಟವರು ಕಳ್ಳರು. ಪಜಿರಿಕ್‌ನ ಐದೂ ದೊಡ್ಡ ಗೋರಿಗಳನ್ನು ಹಳೆಯ ಕಾಲದಲ್ಲೇ ಯಾರೋ ಕೊರೆದು ಚಿನ್ನ ದೋಚಿದ್ದರು. ಅವರು ಬಿಟ್ಟುಹೋದ ಬಿಲದಿಂದ ಮಳೆ ಮತ್ತು ಕರಗಿದ ಹಿಮದ ನೀರು ಕೋಣೆಗೆ ಇಳಿದು, ಹೆಪ್ಪುಗಟ್ಟಿ, ಮತ್ತೆ ಕರಗಲೇ ಇಲ್ಲ. ಉಕೋಕ್‌ನ ಹೆಂಗಸಿನ ಗೋರಿಯ ಕಥೆ ಇನ್ನೂ ವಿಚಿತ್ರ. ಅವಳ ಮೇಲೆ, ಅದೇ ಗುಂಡಿಯಲ್ಲಿ, ಇನ್ನೊಂದು ಶವವನ್ನು ಆಮೇಲೆ ಹೂಳಿದ್ದರು. ಕಳ್ಳರು ಮೇಲಿನದನ್ನು ದೋಚಿ, ಇಷ್ಟೇ ಎಂದುಕೊಂಡು ಹೊರಟುಹೋದರು. ಅವರು ತೋಡಿದ ದಾರಿಯಲ್ಲಿ ಇಳಿದ ನೀರು ಕೆಳಗಿನವಳನ್ನು ಮುಚ್ಚಿ ಕಾಯಿತು.

ಈಗ ಹೆರೊಡೊಟಸ್‌ನನ್ನು ಕರೆತರಬೇಕು. ಕ್ರಿಸ್ತಪೂರ್ವ 5ನೆಯ ಶತಮಾನದ ಈ ಗ್ರೀಕ್ ಚರಿತ್ರಕಾರ ಕಪ್ಪುಸಮುದ್ರದ ಉತ್ತರದ ಸಿಥಿಯನ್ನರ ಬಗ್ಗೆ ತನ್ನ ನಾಲ್ಕನೆಯ ಪುಸ್ತಕದಲ್ಲಿ ವಿಸ್ತಾರವಾಗಿ ಬರೆದ. ದೊರೆ ಸತ್ತರೆ ಹೊಟ್ಟೆ ಸೀಳಿ, ಶುಚಿಮಾಡಿ, ಸುಗಂಧದ ಬೇರು ಬೀಜಗಳನ್ನು ತುಂಬಿ ಹೊಲಿಯುತ್ತಾರೆ ಎಂದ. ಯುದ್ಧದಲ್ಲಿ ಕೊಂದ ಶತ್ರುವಿನ ನೆತ್ತಿಯ ಚರ್ಮ ಸುಲಿಯುತ್ತಾರೆ ಎಂದ. ಮೂರು ಕೋಲು ನಿಲ್ಲಿಸಿ, ಉಣ್ಣೆಹಾಸು ಹೊದಿಸಿ, ಒಳಗೆ ಕಾದ ಕಲ್ಲಿನ ಮೇಲೆ ಗಾಂಜಾ ಗಿಡದ ಬೀಜ ಎರಚಿ, ಆ ಹಬೆಯಲ್ಲಿ ಕೂತು ಖುಷಿಯಿಂದ ಕೂಗುತ್ತಾರೆ ಎಂದ. ಇಂಥ ಕಥೆಗಳಿಗಾಗಿಯೇ ಅವನನ್ನು ಸುಳ್ಳುಗಳ ಜನಕ ಎಂದು ಹಳಿದವರಿದ್ದರು.

ಪಜಿರಿಕ್‌ನ ಎರಡನೆಯ ಗೋರಿಯಲ್ಲಿ ರುಡೆಂಕೊಗೆ ಒಬ್ಬ ನಾಯಕನ ದೇಹ ಸಿಕ್ಕಿತು. ತಲೆಬುರುಡೆಗೆ ಕೊಡಲಿಯಂಥ ಆಯುಧದ ತೂತುಗಳು. ನೆತ್ತಿಯ ಚರ್ಮ ಸುಲಿದಿತ್ತು. ಹೂಳುವ ಮುನ್ನ ಅವನ ಕಡೆಯವರು ಬೇರೊಂದು ಚರ್ಮ ಜೋಡಿಸಿ ಹೊಲಿದಿದ್ದರು. ಒಳಗಿನ ಅಂಗಗಳನ್ನು ತೆಗೆದು ದೇಹವನ್ನು ಕೆಡದಂತೆ ಮಾಡಿದ್ದರು. ತೋಳು, ಎದೆ, ಕಾಲುಗಳ ತುಂಬ ಪ್ರಾಣಿಗಳ ಹಚ್ಚೆ, ಮೊಣಕಾಲಿನ ಕೆಳಗೆ ಉದ್ದಕ್ಕೆ ಒಂದು ಮೀನು. ಅದೇ ಗೋರಿಯಲ್ಲಿ ಆರು ಕೋಲುಗಳ ಪುಟ್ಟ ಚೌಕಟ್ಟುಗಳು, ಕಂಚಿನ ಪಾತ್ರೆ, ಪಾತ್ರೆಯಲ್ಲಿ ಬೆಂಕಿ ಕಂಡ ಕಲ್ಲುಗಳು, ಕಲ್ಲುಗಳ ನಡುವೆ ಕರಕಲಾದ ಗಾಂಜಾ ಬೀಜಗಳು. ಹೆರೊಡೊಟಸ್ ಬರೆದ ಸೀಮೆಗೂ ಅಲ್ತಾಯ್‌ಗೂ ಸಾವಿರಾರು ಕಿಲೋಮೀಟರ್. ಆದರೂ ಒಂದೊಂದೇ ಮಾತು ಹಿಮದಿಂದ ಎದ್ದುಬಂತು. ಆ ಹುಲ್ಲುಗಾವಲು ಒಂದು ಗೋಡೆಯಲ್ಲ, ಹೆದ್ದಾರಿ ಎಂಬುದಕ್ಕೆ ನಾನು ಬೇರೆ ಸಾಕ್ಷಿ ಕೇಳುವುದಿಲ್ಲ.

ಪರ್ಷಿಯದ ದೊರೆಗಳು ಈ ಕುದುರೆ ಸವಾರರನ್ನೆಲ್ಲ ಸೇರಿಸಿ ‘ಸಕ’ರು ಎಂದರು; ಬೆಹಿಸ್ತೂನ್ ಬಂಡೆಯ ಮೇಲೆ ಡೇರಿಯಸ್ ಕೆತ್ತಿಸಿದ ಶಾಸನದಲ್ಲಿ ಆ ಹೆಸರಿದೆ. ನಮ್ಮವರ ಬಾಯಲ್ಲಿ ಅದು ‘ಶಕ’. ಕೆಲವು ಶತಮಾನಗಳ ನಂತರ ಅವರ ಒಂದು ಕವಲು ಪಶ್ಚಿಮ ಭಾರತಕ್ಕೆ ಬಂದು ಕ್ಷತ್ರಪರಾಗಿ ಆಳಿತು, ಅವರು ಬಳಸಿದ, ಕ್ರಿಸ್ತಶಕ 78ರಿಂದ ಎಣಿಸುವ ಕಾಲಗಣನೆ ದಕ್ಷಿಣಕ್ಕೂ ಇಳಿಯಿತು. ಬಾದಾಮಿಯ ಬಂಡೆಯಲ್ಲಿ ಒಂದನೆಯ ಪುಲಕೇಶಿ ಕೋಟೆ ಕಟ್ಟಿದ್ದನ್ನು ಶಕವರ್ಷ 465 ಎಂದು ಬರೆಸಿದ; ನಮ್ಮ ಲೆಕ್ಕದಲ್ಲಿ 543. ಇವತ್ತಿಗೂ ಗೋಡೆಯ ಪಂಚಾಂಗದಲ್ಲಿ ಶಾಲಿವಾಹನ ಶಕೆ ಎಂದಿರುತ್ತದೆ. ಪಜಿರಿಕ್‌ನವರೇ ನಮ್ಮ ಶಕರ ಅಜ್ಜಂದಿರು ಎಂದು ಯಾರೂ ಹೇಳುತ್ತಿಲ್ಲ. ಆದರೆ ಅವರೆಲ್ಲ ಒಂದೇ ಹುಲ್ಲಿನ ಕಡಲಿನ ಜನ, ಅದರ ತೆರೆಯೊಂದು ನಮ್ಮ ಪಂಚಾಂಗದವರೆಗೂ ಬಂದಿದೆ.

ಐದನೆಯ ಗೋರಿಯ ಬಗ್ಗೆ ಒಂದು ಪುಸ್ತಕವನ್ನೇ ಬರೆಯಬಹುದು. ಬಿಡಿಬಿಡಿಯಾಗಿ ಸಿಕ್ಕ ನಾಲ್ಕು ಚಕ್ರದ ಎತ್ತರದ ಗಾಡಿ, ಉಣ್ಣೆಹಾಸಿನಲ್ಲಿ ಮಾಡಿ ಒಳಗೆ ತುಂಬಿದ ಹಂಸಗಳು, ಜೀನಿನ ಮೇಲೆ ಹೊದಿಸಿದ ಚೀನಾದ ಕಸೂತಿ ರೇಷ್ಮೆ. ನಾನು ಅಲ್ಲಿ ಸಿಕ್ಕ ರತ್ನಗಂಬಳಿಯ ಮುಂದೆ ಮಾತ್ರ ನಿಲ್ಲುತ್ತೇನೆ. 183 ಸೆಂಟಿಮೀಟರ್ ಅಗಲ, 200 ಸೆಂಟಿಮೀಟರ್ ಉದ್ದ. ಗಂಟು ಹಾಕಿ ನೇಯ್ದ ರತ್ನಗಂಬಳಿಗಳಲ್ಲಿ ಇಡಿಯಾಗಿ ಉಳಿದಿರುವ ಅತ್ಯಂತ ಹಳೆಯದು ಇದೇ. ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿದೆ. ಅಂಚಿನಲ್ಲಿ ಮೇಯುವ ಜಿಂಕೆಗಳ ಸಾಲು, ಎದುರು ದಿಕ್ಕಿಗೆ ಹೊರಟ ಕುದುರೆಗಳ ಸಾಲು. ಕೆಲವರು ಮೇಲೆ ಕೂತಿದ್ದಾರೆ, ಕೆಲವರು ಇಳಿದು ಪಕ್ಕದಲ್ಲಿ ನಡೆಯುತ್ತಿದ್ದಾರೆ. ಒಟ್ಟು ಹನ್ನೆರಡೂವರೆ ಲಕ್ಷಕ್ಕೂ ಹೆಚ್ಚು ಗಂಟುಗಳು. ಒಬ್ಬ ನೇಕಾರಳು ದಿನಕ್ಕೆ 2,500 ಗಂಟು ಹಾಕುತ್ತಾಳೆ ಎಂದಿಟ್ಟುಕೊಂಡರೂ ರಜೆಯಿಲ್ಲದೆ 500 ದಿನ ಕೂರಬೇಕು. ಅದನ್ನು ನೇಯ್ದದ್ದು ಪರ್ಷಿಯದಲ್ಲೋ, ಮಧ್ಯ ಏಷ್ಯದಲ್ಲೋ, ಇನ್ನೆಲ್ಲೋ ಎಂಬ ಜಗಳ ಮುಗಿದಿಲ್ಲ. ಆದರೆ ಅದರ ಕೆಂಪು ಇಷ್ಟು ವರ್ಷ ಹೇಗೆ ಮಾಸಲಿಲ್ಲ ಎಂಬುದಕ್ಕೆ 2021ರಲ್ಲಿ ಜರ್ಮನಿಯ ಎರ್ಲಾಂಗನ್-ನ್ಯೂರೆಂಬರ್ಗ್ ವಿಶ್ವವಿದ್ಯಾಲಯದವರು ಉತ್ತರ ಕೊಟ್ಟರು. ಎಳೆಗಳನ್ನು ತೀಕ್ಷ್ಣವಾದ ಎಕ್ಸ್-ಕಿರಣಗಳಲ್ಲಿ ನೋಡಿದಾಗ, ಬಣ್ಣದ ಲೋಹಾಂಶ ಎಳೆಯ ಮೇಲ್ಪದರದಲ್ಲಿ ನಿಲ್ಲದೆ ಒಳಗಿನವರೆಗೂ ಇಳಿದಿರುವುದು ಕಂಡಿತು. ಬಣ್ಣಕ್ಕೆ ಅದ್ದುವ ಮೊದಲು ಉಣ್ಣೆಯನ್ನು ಹುದುಗು ಬರಿಸಿದ್ದರು. ನಮ್ಮ ಮನೆಗಳಲ್ಲಿ ದೋಸೆ ಹಿಟ್ಟು ಹುದುಗುವಂತೆ, ಸೂಕ್ಷ್ಮಜೀವಿಗಳು ಉಣ್ಣೆಯ ಹೊರಚಿಪ್ಪನ್ನು ಸಡಿಲಿಸಿ ಬಣ್ಣಕ್ಕೆ ಬಾಗಿಲು ತೆರೆದಿದ್ದವು.

ಮತ್ತೆ ಉಕೋಕ್‌ಗೆ ಬರೋಣ. ಪತ್ರಿಕೆಗಳು ಅವಳನ್ನು ರಾಜಕುಮಾರಿ ಎಂದವು. ಅದು ಸರಿಯಲ್ಲ ಎಂದು ನನ್ನ ಅನಿಸಿಕೆ. ಪಜಿರಿಕ್‌ನ ದೊಡ್ಡ ದಿಬ್ಬಗಳ ಮುಂದೆ ಅವಳದು ಚಿಕ್ಕ ಗೋರಿ. ಆದರೆ ಒಂಟಿಯಾಗಿ ಮಲಗಿಸಿ, ಆರು ಕುದುರೆಗಳನ್ನು ಕೊಟ್ಟು, ಸುಮಾರು ಮೂರಡಿ ಎತ್ತರದ ಶಿರೋಭೂಷಣಕ್ಕೆ ಜಾಗ ಬಿಟ್ಟು ಪೆಟ್ಟಿಗೆ ತೋಡಿದ್ದಾರೆ. ಬೋಳಿಸಿದ ತಲೆಗೆ ಕೃತಕ ಕೂದಲು, ಅದರ ಮೇಲೆ ಚಿನ್ನದ ಹಾಳೆ ಹೊದಿಸಿದ ಹದಿನೈದು ಮರದ ಹಕ್ಕಿಗಳು. ಕೆಂಪು ಬಿಳಿ ಪಟ್ಟಿಯ ಉಣ್ಣೆ ಲಂಗ, ರೇಷ್ಮೆಯ ಕುಪ್ಪಸ. ಹಿಪ್ಪುನೇರಳೆ ಸೊಪ್ಪಿನ ಚೀನೀ ರೇಷ್ಮೆಯಲ್ಲ ಅದು, ಕಾಡುರೇಷ್ಮೆ. ಕುದುರೆಗಳ ಹೊಟ್ಟೆಯಲ್ಲಿ ಕೊನೆಯ ಮೇವು ಹಾಗೇ ಇತ್ತು. ಅದನ್ನು ಬಿಡಿಸಿ ನೋಡಿ, ಅವಳನ್ನು ಹೂಳಿದ್ದು ಬೇಸಿಗೆ ಶುರುವಾಗುವ ಹೊತ್ತು ಎಂದು ಹೇಳಲು ಸಾಧ್ಯವಾಯಿತು. ಮಣ್ಣಿನ ಗೋರಿಯೊಂದು ಶತಮಾನ ಹೇಳಿದರೆ ನಾವು ಸಂತೋಷಪಡುತ್ತೇವೆ. ಇದು ಋತುವನ್ನು ಹೇಳುತ್ತದೆ.

ಅವಳಿಗೆ ಸುಮಾರು 25 ವರ್ಷ. 2014ರಲ್ಲಿ ನೊವೊಸಿಬಿರ್ಸ್ಕ್‌ನ ವಿಜ್ಞಾನಿಗಳು ಎಂಆರ್‌ಐ ಸ್ಕ್ಯಾನ್‌ನ ಫಲಿತಾಂಶ ಪ್ರಕಟಿಸಿದರು. ಸ್ತನದಲ್ಲಿ ಕ್ಯಾನ್ಸರ್ ಗಡ್ಡೆಯಿತ್ತು, ಕಂಕುಳಿನ ಗ್ರಂಥಿಗಳಿಗೂ ಹಬ್ಬಿತ್ತು. ಬಾಲ್ಯದಲ್ಲೋ ಹರೆಯದಲ್ಲೋ ಮೂಳೆಗೆ ಸೋಂಕು ತಗುಲಿತ್ತು. ಸಾಯುವ ಕೆಲವೇ ಕಾಲ ಮುಂಚೆ ಎತ್ತರದಿಂದ, ಬಹುಶಃ ಕುದುರೆಯಿಂದ, ಬಿದ್ದ ಗಾಯಗಳೂ ಇದ್ದವು. ಕೂತು ಏಳಲೂ ಕಷ್ಟಪಡುತ್ತಿದ್ದ ಒಬ್ಬಳನ್ನು ಅವಳ ಜನ ಆ ಗಾಳಿಯ ಪ್ರಸ್ಥಭೂಮಿಯಲ್ಲಿ ಬಿಟ್ಟುಹೋಗಲಿಲ್ಲ. ಹೊತ್ತು ತಂದರು, ಉಪಚರಿಸಿದರು, ತಮ್ಮಲ್ಲಿದ್ದ ಅಪರೂಪದ್ದನ್ನೆಲ್ಲ ಜೊತೆಗಿಟ್ಟು ಕಳಿಸಿಕೊಟ್ಟರು. ಬರಹವೂ ಚಿನ್ನವೂ ಹೇಳದೆ ಹೋದ ಸಂಗತಿ ಇದು.

ಅವಳು ತಮ್ಮ ಹಿರಿಯಳು, ಅವಳನ್ನು ಎತ್ತಬಾರದಿತ್ತು ಎಂದು ಅಲ್ತಾಯ್‌ನ ಜನ ಮೊದಲಿನಿಂದಲೂ ಹೇಳುತ್ತ ಬಂದರು. 2003ರ ಸೆಪ್ಟೆಂಬರ್‌ನಲ್ಲಿ ಅಲ್ತಾಯ್‌ನಲ್ಲಿ ದೊಡ್ಡ ಭೂಕಂಪವಾದಾಗ ಅನೇಕರಿಗೆ ಅದು ಅವಳ ಸಂಕಟವಾಗಿ ಕಂಡಿತು. ಭೂಕಂಪಕ್ಕೆ ಭೂಮಿಯ ಪದರಗಳೇ ಕಾರಣ, ಅದರಲ್ಲಿ ಸಂಶಯವಿಲ್ಲ. ಆದರೆ ಅವರ ನೋವು ಭೂಕಂಪದಿಂದ ಹುಟ್ಟಿದ್ದಲ್ಲ. ತಮ್ಮ ನೆಲದ ಹೆಣ್ಣೊಬ್ಬಳು ದೂರದ ನಗರದ ಸಂಸ್ಥೆಯಲ್ಲಿ ಬೆತ್ತಲೆ ಮಲಗಿದ್ದಾಳೆ ಎಂಬುದು ಯಾರಿಗಾದರೂ ನೋವೇ. 2012ರಲ್ಲಿ ಅವಳು ನೊವೊಸಿಬಿರ್ಸ್ಕ್‌ನಿಂದ ಗೋರ್ನೊ-ಅಲ್ತಾಯ್‌ಸ್ಕ್ ನಗರದ ವಸ್ತುಸಂಗ್ರಹಾಲಯಕ್ಕೆ ಮರಳಿದಳು. ಮತ್ತೆ ಮಣ್ಣಿಗೇ ಒಪ್ಪಿಸಬೇಕೆಂಬ ಕೂಗು ನಿಂತಿಲ್ಲ.

ಮಣ್ಣಿಗೆ ಒಪ್ಪಿಸಿದರೆ ಹಿಮ ಅವಳನ್ನು ಮೊದಲಿನಂತೆ ಕಾಯುತ್ತದೆಯೇ? ಕಾಯಲಾರದು. ಈ ಗೋರಿಗಳ ಅಡಿಯ ನೆಲದ ಉಷ್ಣತೆ ಸೊನ್ನೆಗೆ ಸ್ವಲ್ಪವೇ ಕೆಳಗಿರುವುದು. ಉತ್ತರ ಸೈಬೀರಿಯದಂತೆ ನೂರಾರು ಮೀಟರ್ ಆಳದ ಹೆಪ್ಪು ಇಲ್ಲಿಲ್ಲ. ಅಲ್ತಾಯ್ ಬಿಸಿಯಾಗುತ್ತಿದೆ, ಅದರ ಹಿಮನದಿಗಳು ಹಿಂದೆ ಸರಿಯುತ್ತಿವೆ. ಒಂದೆರಡು ಡಿಗ್ರಿ ಏರಿದರೆ ಕಲ್ಲುಗುಪ್ಪೆಯ ಒಂಟಿ ಬಾಗಿಲು ಕೆಲಸ ಮಾಡದು. ಇನ್ನೂ ತೆರೆಯದ ಗೋರಿಗಳೊಳಗೆ ಉಣ್ಣೆ, ಚರ್ಮ, ಹಚ್ಚೆಗಳು ನಮ್ಮ ಕಣ್ಣಿಗೆ ಬೀಳುವ ಮೊದಲೇ ಕೊಳೆಯಬಹುದು. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು ಯುನೆಸ್ಕೊ ಜೊತೆ ಸೇರಿ ಉಪಗ್ರಹ ಚಿತ್ರಗಳಿಂದ ಅಲ್ಲಿನ ಗೋರಿಗಳ ಪಟ್ಟಿ ಮಾಡಿದ್ದು ಈ ಭಯದಿಂದಲೇ. ತೆರೆಯಬಾರದು ಎನ್ನುವ ಅಲ್ತಾಯ್ ಜನರ ಮಾತು ನ್ಯಾಯದ್ದು, ಬೇಗ ತೆರೆಯಬೇಕು ಎನ್ನುವ ವಿಜ್ಞಾನಿಯ ಆತುರವೂ ಸುಳ್ಳಲ್ಲ. ಕಲ್ಲುಗಳಿಗೆ ನೆರಳು ಮಾಡಿ, ನೆಲವನ್ನು ತಂಪಾಗಿಡುವ ಉಪಾಯಗಳೂ ಚರ್ಚೆಯಲ್ಲಿವೆ. ನಾನಾದರೆ ಮೊದಲು ಅದನ್ನು ಮಾಡಿ ನೋಡಿ ಎನ್ನುತ್ತೇನೆ.

ಈಗಾಗಲೇ ಹೊರಗೆ ಬಂದವರಿಂದ ಕೇಳುವುದೂ ಮುಗಿದಿಲ್ಲ. ರುಡೆಂಕೊ ಐದನೆಯ ಗೋರಿಯಲ್ಲಿ ಕಂಡ, ಸುಮಾರು ಐವತ್ತು ವಯಸ್ಸಿನ ಹೆಂಗಸಿನ ದೇಹ ಹರ್ಮಿಟೇಜ್‌ನಲ್ಲಿದೆ. ಚರ್ಮ ಎಷ್ಟು ಕಪ್ಪಾಗಿದೆಯೆಂದರೆ ಅವಳಿಗೂ ಹಚ್ಚೆ ಇದೆಯೆಂದು ಅರ್ಧ ಶತಮಾನ ಯಾರಿಗೂ ತಿಳಿದಿರಲಿಲ್ಲ. ಅವಕೆಂಪು ಬೆಳಕಿನಲ್ಲಿ ಮಸಿ ಬೇರೆ, ಚರ್ಮ ಬೇರೆಯಾಗಿ ಕಾಣುತ್ತದೆ. 2025ರಲ್ಲಿ ಗಿನೊ ಕಸ್ಪಾರಿ ಮತ್ತು ಸಂಗಡಿಗರು ಅವಳ ಕೈಗಳ ಅತಿ ಸೂಕ್ಷ್ಮ ಚಿತ್ರಗಳನ್ನು ಪ್ರಕಟಿಸಿದರು. ಆ ತಂಡದಲ್ಲಿ ಹಳೆಯ ವಿಧಾನದಲ್ಲಿ ಕೈಯಿಂದಲೇ ಹಚ್ಚೆ ಹಾಕುವ ಕಲಾವಿದರೊಬ್ಬರೂ ಇದ್ದರು. ಗೆರೆ ನೋಡಿ ಅವರು ಸೂಜಿ ಹೇಳಿದರು: ಇಲ್ಲಿ ಹಲವು ಮೊನೆ ಸೇರಿಸಿ ಕಟ್ಟಿದ್ದು, ಅಲ್ಲಿ ತುದಿಗೆ ಒಂಟಿ ಮೊನೆ. ಬಲ ಮುಂಗೈಯ ಮೇಲೆ ಪ್ರಾಣಿಗಳು ಪ್ರಾಣಿಗಳ ಮೇಲೆ ಎರಗುವ ಚಿತ್ರ ಕೈಯ ಉರುಟನ್ನೇ ಅನುಸರಿಸಿ ಸುತ್ತಿಕೊಂಡಿದೆ, ಗೆರೆ ಖಚಿತ, ಒಂದೇ ಕೂರಿಕೆಯಲ್ಲಿ ಮುಗಿದ ಕೆಲಸವಲ್ಲ. ಎಡ ಮುಂಗೈಯದು ಅಷ್ಟು ಪಳಗಿದ ಕೈಯಲ್ಲ. ಇಬ್ಬರು ಹಾಕಿರಬಹುದು, ಅಥವಾ ಒಬ್ಬರೇ ಮೊದಲು ಎಡಗೈಯಲ್ಲಿ ಕಲಿತು ಆಮೇಲೆ ಬಲಗೈಗೆ ಬಂದಿರಬಹುದು.

ಅವಳು ಸತ್ತ ಮೇಲೆ ದೇಹವನ್ನು ಕೆಡದಂತೆ ಸಿದ್ಧಪಡಿಸಿದವರು ಚರ್ಮವನ್ನು ಅಲ್ಲಲ್ಲಿ ಸೀಳಿದ್ದಾರೆ. ಆ ಸೀಳುಗಳು ಚಿತ್ರವನ್ನು ತಪ್ಪಿಸಿ ಹೋಗಿಲ್ಲ, ಗೆರೆಗಳನ್ನು ಕತ್ತರಿಸಿಕೊಂಡು ಹೋಗಿವೆ. ಇಷ್ಟು ನೋವು ತಿಂದು, ಇಷ್ಟು ಜತನದಿಂದ ಹಾಕಿಸಿಕೊಂಡ ಚಿತ್ರ ಅವಳಿಗೆ ಬೇಕಾಗಿದ್ದದ್ದು ಕುದುರೆಯ ಮೇಲೆ ಕೂತಾಗ, ತೋಳು ಮಡಿಸಿ ಹಾಲು ಕರೆಯುವಾಗ, ನಾಲ್ಕು ಜನ ನೋಡುವಾಗ.